ಲಿಯೋನ್ ಊರಿನಲ್ಲಿ ಎಂಟು ಉಸಿರು

ದೇವನಹಳ್ಳಿ

ಪೆರೇಸಂದ್ರದಲ್ಲಿ ಹುಟ್ಟಿ ಬೆಳೆದವಳಿಗೆ ವಿಮಾನ ಹೊಸದೇನಲ್ಲ. ನಮ್ಮ ಮಾಳಿಗೆ ಮೇಲೆ ಬಟ್ಟೆ ಒಣಹಾಕುವಾಗ ತಲೆಯ ಮೇಲೇ ಗುರ್ ಎಂದು ಹೋಗುತ್ತಿರುತ್ತವೆ. ಅದರೊಳಗೆ ಕೂರುವ ಭಾಗ್ಯ ಮಾತ್ರ ನನಗೆ ಐವತ್ತೊಂದನೆಯ ವಯಸ್ಸಿನಲ್ಲಿ ಬಂತು. ಅದೂ ಗಣಿತದ ಮೇಷ್ಟ್ರಾಗಿದ್ದಕ್ಕಲ್ಲ, ಸಿತಾರ್ ನುಡಿಸುತ್ತೇನೆಂದು.

ನಾನು ಗೌರಿಬಿದನೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಹದಿನೆಂಟು ವರ್ಷ, ಪ್ರತಿ ಭಾನುವಾರ, ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಶಿಡ್ಲಘಟ್ಟಕ್ಕೆ ಇನ್ನೊಂದು ಬಸ್ಸು ಹಿಡಿದು ಬುಡನ್ ಸಾಬರ ಹತ್ತಿರ ಸಿತಾರ್ ಕಲಿತೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಇದೆಯೆಂದು ಎಲ್ಲರಿಗೂ ಗೊತ್ತು, ಸಿತಾರ್ ಇದೆಯೆಂದರೆ ಯಾರೂ ನಂಬುವುದಿಲ್ಲ. ಹೋದ ವರ್ಷ ಸಾಬರು ತೀರಿಕೊಂಡರು. ಮೂರು ತಿಂಗಳ ಮೇಲೆ ಫ್ರಾನ್ಸಿನ ಲಿಯೋನ್ ಎಂಬ ಊರಿನಿಂದ ಸೊಲಾಂಜ್ ಎಂಬುವವರ ಕಾಗದ ಸಾಬರ ಮನೆಗೆ ಬಂತು. ಎಳೆಯ ವಯಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ಬಂದು ಸಾಬರ ಮನೆಯಲ್ಲಿ ಸಿತಾರ್ ಕಲಿತವರಂತೆ. ಈಗ ತಮ್ಮೂರಿನಲ್ಲಿ ಇಪ್ಪತ್ತು ಮಂದಿಗೆ ಹೇಳಿಕೊಡುತ್ತಾರಂತೆ. ಗುರುವಿನ ನೆನಪಿಗೆ ಕಛೇರಿ ಇಟ್ಟಿದ್ದೇವೆ, ಆ ಮನೆಯ ಶಿಷ್ಯರೊಬ್ಬರು ಬಂದು ನುಡಿಸಬೇಕು ಎಂದು ಬರೆದಿದ್ದರು. ಉಳಿದ ಶಿಷ್ಯರಲ್ಲಿ ಒಬ್ಬ ಚಿಂತಾಮಣಿಯಲ್ಲಿ ಬೇಕರಿ ಇಟ್ಟು ಸಿತಾರನ್ನು ಅಟ್ಟಕ್ಕೇರಿಸಿದ್ದ. ಇನ್ನಿಬ್ಬರು ಎಲ್ಲಿದ್ದಾರೋ ತಿಳಿಯದು. ಹಾಗಾಗಿ ಪಾಲಿಗೆ ಬಂದವಳು ನಾನೇ.

ವಿಮಾನ ನಿಲ್ದಾಣದ ತಪಾಸಣೆಯವನು ನನ್ನ ಮಿಜ್ರಾಬನ್ನು, ಅಂದರೆ ತಂತಿ ಮೀಟಲು ತೋರುಬೆರಳಿಗೆ ಸಿಕ್ಕಿಸಿಕೊಳ್ಳುವ ಲೋಹದ ಕೊಕ್ಕೆಯನ್ನು, ಎತ್ತಿ ಹಿಡಿದು ಮೂರು ಸಲ ತಿರುಗಿಸಿ ನೋಡಿದ. ಆಮೇಲೆ ಚೀಲದಿಂದ ಒಂದು ದಾರದ ಲಡಿ ತೆಗೆದ.

"ಇದೇನು ಮೇಡಂ?"

"ರೇಷ್ಮೆ ದಾರ. ಶಿಡ್ಲಘಟ್ಟದ್ದು."

"ಓ, ನಮ್ಮತ್ತೆ ಮನೆ ಮೇಲೂರು," ಎಂದು ನಕ್ಕು ಬಿಟ್ಟುಬಿಟ್ಟ.

ಆ ದಾರ ಕೊಟ್ಟವರು ಸಾಬರ ಅಕ್ಕ ಜುಲೇಖಾ ಬೀ. ಶಿಷ್ಯರೆಲ್ಲ ಅವರನ್ನು ಖಾಲಮ್ಮ ಎನ್ನುತ್ತೇವೆ. ಎಂಬತ್ತು ದಾಟಿದೆ. ಆ ಮನೆಯ ಹಿತ್ತಲಿನಲ್ಲಿ ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಚರಕವಿತ್ತು. ಖಾಲಮ್ಮನ ಆಯುಸ್ಸೆಲ್ಲ ಕಳೆದದ್ದು ಅದರ ಮುಂದೆಯೇ. ಸಿತಾರಿನ ಹಿತ್ತಾಳೆ ಮೆಟ್ಟಲುಗಳನ್ನು ದಾರದಿಂದ ಕಟ್ಟಿ ನಿಲ್ಲಿಸುತ್ತಾರಲ್ಲ, ನಮ್ಮೆಲ್ಲರ ಸಿತಾರಿಗೂ ಆ ಗಂಟು ಹಾಕಿಕೊಡುವವರು ಅವರೇ. ಅವರಿಗೂ ಸಿತಾರಿಗೂ ನಂಟು ಅಷ್ಟೇ ಎಂದು ನಾನು ತಿಳಿದಿದ್ದೆ. ಫ್ರಾನ್ಸಿನಿಂದ ಏನು ತರಲಿ ಎಂದು ಕೇಳಿದ್ದಕ್ಕೆ, "ಏನೂ ಬ್ಯಾಡಮ್ಮ. ಆ ಸೊಲಾಂಜು ಇನ್ನೂ ಬಾರಿಸ್ತಾಳಾ, ನೋಡ್ಕೊಂಡ್ ಬಾ," ಎಂದಿದ್ದರು.

ಲಿಯೋನ್ ಸ್ಟೇಷನ್ನಿನ ಬಾಗಿಲು

ಮೊದಲ ಆಘಾತ ರೈಲು ಇಳಿದ ಐದು ನಿಮಿಷಕ್ಕೇ ಆಯಿತು. ಬಿಳಿ ಕೂದಲಿನ, ಕೊರಳಿಗೆ ಹಸಿರು ವಸ್ತ್ರ ಸುತ್ತಿಕೊಂಡ, ಎಪ್ಪತ್ತು ಮೀರಿದ ಹೆಂಗಸೊಬ್ಬರು ನನ್ನ ಸಿತಾರಿನ ಪೆಟ್ಟಿಗೆ ನೋಡಿ ನೇರ ಬಂದರು. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷ್ ವಾಕ್ಯವನ್ನು ನಾಲಿಗೆ ತುದಿಗೆ ತಂದುಕೊಂಡೆ. ಅವರು ಬಾಯಿ ತೆರೆದರು.

"ಬಾಮ್ಮ, ಬಾ. ಊಟ ಆಯ್ತಾ? ಮೈಗೆ ನೀರು ಹಾಕ್ಕೊಂತೀಯಾ?"

ನಾನು ಕಕ್ಕಾಬಿಕ್ಕಿಯಾಗಿ ಹಿಂದೆ ತಿರುಗಿ ನೋಡಿದೆ, ನಮ್ಮ ಕಡೆಯವರು ಯಾರಾದರೂ ನಿಂತು ಆಟ ಆಡಿಸುತ್ತಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಈಕೆಯೇ ಸೊಲಾಂಜ್. ಮನೆತನ ರೇಷ್ಮೆ ನೇಯುವವರದು. ನೂಲು ಎಲ್ಲಿಂದ ಬರುತ್ತದೋ ನೋಡಿ ಬರುತ್ತೇನೆಂದು ಇಪ್ಪತ್ತನಾಲ್ಕನೆಯ ವಯಸ್ಸಿಗೆ ಒಂದು ತಿಂಗಳಿಗೆಂದು ಶಿಡ್ಲಘಟ್ಟಕ್ಕೆ ಬಂದು, ಸಾಬರ ಹಿತ್ತಲಿನ ಚರಕದ ಪಕ್ಕದಲ್ಲಿ ಸಿತಾರ್ ಕೇಳಿ, ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಉಳಿದುಬಿಟ್ಟವರು. ಆಗ ಕಲಿತ ಕನ್ನಡವನ್ನು ಉಪ್ಪಿನಕಾಯಿಯ ಹಾಗೆ ಕಾಪಾಡಿಕೊಂಡಿದ್ದಾರೆ. ಅದರಲ್ಲಿ ಮೊಬೈಲಿಗೆ ಹೆಸರೇ ಇಲ್ಲ. "ಆ ಮಾತಾಡೋ ಡಬ್ಬಿ" ಅಂದರು.

ದಾರಿಯಲ್ಲಿ ಬ್ರೆಡ್ಡಿನ ಅಂಗಡಿಗೆ ಹೋದೆವು. ನಾನೇ ಮುಂದೆ ಬಿದ್ದು ಬೆರಳು ತೋರಿಸಿ, "ಟೂ" ಎಂದೆ. ಅಂಗಡಿಯಾಕೆ ನನ್ನನ್ನು ಗೋಡೆಯನ್ನು ನೋಡುವಂತೆ ನೋಡಿ ಪಕ್ಕದವರ ಕಡೆ ತಿರುಗಿಕೊಂಡಳು. ನನಗೆ ಮೈ ಉರಿಯಿತು. ಸೊಲಾಂಜ್ ಕಿವಿಯಲ್ಲಿ, "ಮೊದ್ಲು ನಮಸ್ಕಾರ ಹೇಳಮ್ಮ, ಆಮೇಲೆ ಕೇಳು," ಎಂದರು. ಬೋಂಜೂರ್ ಎಂದದ್ದೇ ತಡ, ಅದೇ ಮುಖ ಹೂವಾಯಿತು. ನಾವು ಚಿಂತಾಮಣಿಯ ಅಂಗಡಿಯಲ್ಲಿ ಹಾಗೆಲ್ಲ ನಮಸ್ಕಾರ ಹೇಳಿಕೊಂಡು ನಿಲ್ಲುವುದಿಲ್ಲ. ಆದರೆ "ಎರಡು ಬನ್ ಕೊಡಣ್ಣ" ಎನ್ನುವಾಗ ಆ ಅಣ್ಣನೊಳಗೆ ನಮಸ್ಕಾರವೂ ಸೇರಿರುತ್ತದೆ. ಇಲ್ಲಿ ಅಣ್ಣನಿಲ್ಲ, ಹಾಗಾಗಿ ಅದನ್ನು ಬೇರೆಯಾಗಿ ಹೇಳಬೇಕು. ಸೊಲಾಂಜ್ ಆ ಬ್ರೆಡ್ಡನ್ನು ಚೀಲವಿಲ್ಲದೆ ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದರು.

ಅವರ ಮನೆ ಗುಡ್ಡದ ಮೇಲಿನ ಹಳೆಯ ನೇಕಾರರ ಬೀದಿಯಲ್ಲಿದೆ. ಮಗ್ಗ ನಿಲ್ಲಲೆಂದು ಸೂರನ್ನು ಎರಡಾಳೆತ್ತರ ಕಟ್ಟಿದ್ದಾರೆ. ರೇಷ್ಮೆ ನೆನೆಯಬಾರದೆಂದು ಮನೆಗಳ ಒಳಗೊಳಗೇ ಬೀದಿಯಿಂದ ಬೀದಿಗೆ ಓಣಿ ಬಿಟ್ಟಿದ್ದಾರೆ. ಎಲ್ಲ ಚೆಂದ. ಆದರೆ ನನಗೇನೋ ಕಸಿವಿಸಿ. ಅರ್ಧ ಗಂಟೆ ಆದ ಮೇಲೆ ಹೊಳೆಯಿತು, ವಾಸನೆ ಇಲ್ಲ! ಶಿಡ್ಲಘಟ್ಟದಲ್ಲಿ ಬಸ್ಸಿಳಿಯುವ ಮುಂಚೆಯೇ ಬೆಂದ ಹುಳುವಿನ ವಾಸನೆ ಮೂಗಿಗೆ ಬಂದು ಊರು ಬಂತೆಂದು ಹೇಳುತ್ತದೆ. ರೇಷ್ಮೆಯಿಂದಲೇ ಹೆಸರು ಮಾಡಿದ ಊರಿನಲ್ಲಿ ರೇಷ್ಮೆಯ ವಾಸನೆ ಒಂದು ಎಳೆಯೂ ಇಲ್ಲವಲ್ಲ ಎಂದು ನನಗೆ ನಿಜಕ್ಕೂ ಗಾಬರಿಯಾಯಿತು.

ಸೊಲಾಂಜ್ ನನ್ನ ಸಿತಾರನ್ನು ಪೆಟ್ಟಿಗೆಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ಮೆಟ್ಟಲಿನ ಗಂಟುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು.

"ಇದು ಜುಲೇಖಾ ಕಟ್ಟಿದ್ದು. ಚೆನ್ನಾಗಿದ್ದಾಳಾ?"

"ಚೆನ್ನಾಗಿದಾರೆ. ಕಣ್ಣು ಸ್ವಲ್ಪ ಮಂಜು."

ಅವರ ಕಣ್ಣು ತುಂಬಿಕೊಂಡಿತು. ಸಾಬರ ನೆನಪಾಯಿತೇನೋ ಎಂದುಕೊಂಡೆ.

ಕಛೇರಿಯ ಸಂಜೆ

ಇಲ್ಲಿ ಎರಡು ವಿಷಯ ಹೇಳಿಬಿಡಬೇಕು.

ನಮ್ಮ ಮನೆಯಲ್ಲಿ, ಅಂದರೆ ಸಾಬರ ಸಿತಾರ್ ಮನೆತನದಲ್ಲಿ, ಸಿತಾರ್ ಮುಟ್ಟುವ ಮೊದಲು ಕಿವಿ ಹಿಡಿದುಕೊಂಡು ಗುರುಗಳ ಹೆಸರು ಹೇಳಬೇಕು. ಹೈದರಾಬಾದಿನ ಕರೀಮುಲ್ಲಾ ಸಾಬರು, ಅವರ ಹತ್ತಿರ ಕಲಿತ ಗೂಡಿನ ವ್ಯಾಪಾರದ ಇಮಾಮ್ ಸಾಬರು, ಅವರ ಮಗ ಬುಡನ್ ಸಾಬರು. ಕಲಿಯಲು ಸೇರಿದ ಐದನೆಯ ವರ್ಷ ಸಾಬರು ನನ್ನ ತಲೆಯ ಮೇಲೆ ಕೈಯಿಟ್ಟು, "ಇನ್ಮೇಲೆ ನೀನೂ ಈ ಸಾಲಿನವಳೇ ಕಣಮ್ಮ," ಎಂದಿದ್ದರು. ಅಂದು ನಾನು ಬಸ್ಸಿನಲ್ಲಿ ಅತ್ತುಕೊಂಡೇ ಊರಿಗೆ ಬಂದೆ. ನಮ್ಮಪ್ಪ ಮನೆಯ ಗೋಡೆಗೆ ಬುದ್ಧನ ಪಟ ಹಾಕಿದವರು. ಊರಿನ ಪಟ್ಟಿಗಳಲ್ಲಿ ನಮ್ಮ ಮನೆಯವರ ಹೆಸರು ಕೊನೆಗೆ ಬರುತ್ತಿತ್ತು, ಎಷ್ಟೋ ಸಲ ಬರುತ್ತಲೇ ಇರಲಿಲ್ಲ. ಅಂಥದ್ದರಲ್ಲಿ ನಮ್ಮ ಜಾತಿಯನ್ನು ಒಂದು ದಿನವೂ ಕೇಳದೆ ಈ ಮನುಷ್ಯ ತನ್ನ ಸಾಲಿಗೆ ಸೇರಿಸಿಕೊಂಡಿದ್ದರು. ಹಾಗಾಗಿ ಆ ಸಾಲಿನ ಮಾನ ನನಗೆ ಜೀವಕ್ಕಿಂತ ಹೆಚ್ಚು.

ಎರಡನೆಯದು ಎಂಟು ಉಸಿರು. ನಮ್ಮ ಮನೆಯ ಆಲಾಪದಲ್ಲಿ, ಲಯ ಶುರುವಾಗುವ ಮೊದಲು, ಒಂದು ಕಡೆ ಕೈ ತೆಗೆದು ಎಂಟು ಉಸಿರಿನಷ್ಟು ಹೊತ್ತು ಸುಮ್ಮನೆ ಕೂರಬೇಕು. ಬೆಂಗಳೂರಿನಲ್ಲಿ ಮುಗಿಯಿತೆಂದು ತಿಳಿದು ಚಪ್ಪಾಳೆ ಹೊಡೆದು ಪೆಚ್ಚಾದವರಿದ್ದಾರೆ. ಯಾಕೆ ಹೀಗೆ ಎಂದು ಸಾಬರನ್ನು ಕೇಳಿದರೆ, "ಅದು ನಮ್ಮನೇದಮ್ಮ," ಎಂದಷ್ಟೇ ಹೇಳುತ್ತಿದ್ದರು. ಒಂದೇ ಮೀಟಿಗೆ ತಂತಿಯನ್ನು ಪಕ್ಕಕ್ಕೆ ಎಳೆದು ಐದು ಸ್ವರ ದಾಟಿಸುವ ಎಳೆತವನ್ನು ಕಲಿಸುವಾಗಲೂ ಅಷ್ಟೇ. "ಇನ್ನೂ ಎಳಿ. ನಂಗೂ ಪೂರ್ತಿ ಬರಲ್ಲ. ಬರ್ತಿದ್ದವರು ಬೇರೆ," ಎನ್ನುತ್ತಿದ್ದರು. ಆ ಬೇರೆಯವರು ಅವರ ಅಪ್ಪ ಇಮಾಮ್ ಸಾಬರೇ ಇರಬೇಕೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ.

ಆ ಸಂಜೆ ಸಣ್ಣ ಸಭಾಂಗಣದಲ್ಲಿ ನಲವತ್ತು ಜನ ಇದ್ದರು. ಪಕ್ಕದಲ್ಲಿ ತಂಬೂರಿ ಹಿಡಿದು ಕುಳಿತವಳು ಸೊಲಾಂಜ್ ಅವರ ಶಿಷ್ಯೆ ಕ್ಲೇರ್, ಹಗಲು ಟ್ರಾಮ್ ಓಡಿಸುವ ಎತ್ತರದ ಹೆಂಗಸು. ಅವಳ ಮುಂದೆ ಮಡಿಚಿದ ಬಿಳಿ ಟವೆಲೊಂದಿತ್ತು. ಬೆವರು ಒರೆಸಿಕೊಳ್ಳಲು ಇರಬೇಕು ಅಂದುಕೊಂಡೆ. ಕಿವಿ ಹಿಡಿದು ಮೂರು ಹೆಸರು ಹೇಳಿ ಲಲಿತ್ ರಾಗ ಶುರು ಮಾಡಿದೆ. ಸಂಜೆಗೆ ಸೇರದ ರಾಗ, ಆದರೂ ಗುರುವಿನ ಇಷ್ಟದ್ದೇ ಇರಲಿ ಎಂದು ಸೊಲಾಂಜ್ ಅವರೇ ಕೇಳಿದ್ದರು. ಕೈ ಚೆನ್ನಾಗಿ ಓಡಿತು. ಆ ಜಾಗ ಬಂತು. ಕೈ ತೆಗೆದು ಕಣ್ಣು ಮುಚ್ಚಿ ಉಸಿರು ಎಣಿಸತೊಡಗಿದೆ. ಒಂದು, ಎರಡು, ಮೂರು...

ಪಕ್ಕದಲ್ಲಿ ಏನೋ ಸರಭರ. ಕಣ್ಣು ತೆರೆದರೆ ಕ್ಲೇರ್ ತಂಬೂರಿ ಕೆಳಗಿಟ್ಟು ಆ ಬಿಳಿ ಟವೆಲಿನಿಂದ ಎರಡೂ ಕೈ ಒರೆಸಿಕೊಳ್ಳುತ್ತಿದ್ದಳು. ಒರೆಸಿ, ನನ್ನ ಕಡೆ ಸರಿದು, ನನ್ನ ಮಡಿಲಿನಲ್ಲಿದ್ದ ಸಿತಾರಿಗೆ ಕೈ ಹಾಕಿದಳು.

ಕಛೇರಿಯ ನಡುವೆ ಬಂದು ವಾದ್ಯ ಕಿತ್ತುಕೊಳ್ಳುವುದೆಂದರೆ ನಮ್ಮ ಕಡೆ ಕೆನ್ನೆಗೆ ಹೊಡೆದ ಹಾಗೆ. ನಾನು ಸಿತಾರಿನ ಕಂಠ ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ನಗುನಗುತ್ತಲೇ ಬುರುಡೆಯ ಕಡೆಯಿಂದ ಎಳೆದಳು. ನಾನೂ ಎಳೆದೆ. ನಲವತ್ತು ಜನರ ಮುಂದೆ, ಗುರುವಿನ ನೆನಪಿನ ಕಛೇರಿಯಲ್ಲಿ, ಇಬ್ಬರು ದೊಡ್ಡ ಹೆಂಗಸರು ಒಂದು ಸಿತಾರ್ ಹಿಡಿದು ಹಗ್ಗಜಗ್ಗಾಟ!

"ಬಿಡ್ರೀ, ಕೊಡಲ್ಲ!" ಎಂದೆ, ಕನ್ನಡದಲ್ಲೇ.

ಮುಂದಿನ ಸಾಲಿನಿಂದ ಸೊಲಾಂಜ್ ಎದ್ದು ನಿಂತು ಕೂಗಿದರು. "ಕೊಡಮ್ಮ, ಕೊಡು! ಎಂಟು ಉಸಿರು ಆಯ್ತಲ್ಲ!"

ನಾನು ಕೊಡಲಿಲ್ಲ. ಕ್ಲೇರಳ ನಗು ಆರಿತು. ಮುಖ ಕೆಂಪಾಗಿ ಅವಳು ಕೈ ಬಿಟ್ಟಳು. ಉಳಿದ ರಾಗವನ್ನು ಹೇಗೆ ಮುಗಿಸಿದೆನೋ ದೇವರೇ ಬಲ್ಲ. ಕಿವಿ ಸುಡುತ್ತಿತ್ತು. ಜನ ತಡವಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಪ್ಪಾಳೆ ತಟ್ಟಿದರು.

ಪಕ್ಕದ ಕೋಣೆಗೆ ಬಂದ ತಕ್ಷಣ ನಾನು ಕಿಡಿಕಾರಿದೆ. ಸೊಲಾಂಜ್ ಎದುರು ಕುಳಿತು ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನನ್ನಷ್ಟೇ ದಿಗಿಲಿತ್ತು.

"ನಿಮ್ ಮನೇಲಿ ಕೈ ಬದ್ಲಾಗಲ್ವೇನಮ್ಮ? ಇನ್ನೊಬ್ರು ತೊಗೊಳ್ಳಲ್ವಾ?"

"ಇಲ್ಲ. ಸುಮ್ಮನೆ ಕೂತಿದ್ದು, ನಾವೇ ಮುಂದುವರಿಸ್ತೀವಿ."

"ಸುಮ್ನೆ? ಯಾಕೆ ಸುಮ್ನೆ?"

"ಅದು ನಮ್ಮನೇದು," ಎಂದೆ. ಸಾಬರ ಬಾಯಲ್ಲಿ ಎಷ್ಟು ಘನವಾಗಿ ಕೇಳಿಸುತ್ತಿದ್ದ ಮಾತು, ನನ್ನ ಬಾಯಲ್ಲಿ ಪೊಳ್ಳಾಗಿ ಕೇಳಿಸಿತು.

ಸೊಲಾಂಜ್ ಎದ್ದು, "ನಾಳೆ ಬೆಳಿಗ್ಗೆ ಒಂದು ಕೇಳಿಸ್ತೀನಿ," ಎಂದರು.

ಮರುದಿನ, ಟೇಪಿನ ಮುಂದೆ

ಶಿಡ್ಲಘಟ್ಟಕ್ಕೆ ಬಂದಾಗ ಚರಕದ ಸದ್ದು ಹಿಡಿದುಕೊಂಡು ಹೋಗಲೆಂದು ಸೊಲಾಂಜ್ ಒಂದು ಟೇಪ್ ರೆಕಾರ್ಡರ್ ತಂದಿದ್ದರಂತೆ. ಆ ಟೇಪನ್ನು ಹಾಕಿದರು. ಮೊದಲು ಚರಕದ ಕಿರಕಿರ, ನೀರಿನ ಗುಳುಗುಳು. ಹಿಂದಿನಿಂದ ಲಲಿತ್. ಎಳೆಯ ಬುಡನ್ ಸಾಬರ ಕೈ, ನನಗೆ ಕೂಡಲೇ ಗುರುತು ಸಿಕ್ಕಿತು. ಅವಸರದ ಕೈ, ಚುರುಕು ಕೈ. ನಾನು ಕೈಮುಗಿದು ಕುಳಿತೆ. ಆಲಾಪ ಆ ಜಾಗಕ್ಕೆ ಬಂತು.

ಒಬ್ಬ ಹೆಂಗಸಿನ ದನಿ ಕೂಗಿತು. "ಬುಡನ್, ಉಠ್ ರೇ! ಪಾನೀ ಉಬಲ್ ರಾ!"

ಏಳೋ ಬುಡನ್, ನೀರು ಕುದೀತಿದೆ ಎಂದು. ಆ ದನಿ ನನಗೆ ಗೊತ್ತು. ಹದಿನೆಂಟು ವರ್ಷದಿಂದ ಪ್ರತಿ ಭಾನುವಾರ "ಚಪ್ಪಲಿ ಆ ಕಡೆ ಬಿಡಮ್ಮ" ಎಂದು ಕೂಗುವ ದನಿ. ಖಾಲಮ್ಮ.

ಸಿತಾರ್ ನಿಂತಿತು. ಹೆಜ್ಜೆಯ ಸದ್ದು ಒಂದು ಆ ಕಡೆ ಹೋಯಿತು, ಒಂದು ಈ ಕಡೆ ಬಂತು. ಬಟ್ಟೆಯಿಂದ ಕೈ ಒರೆಸಿಕೊಳ್ಳುವ ಸದ್ದು. ಸೊಲಾಂಜ್ ನನ್ನ ಮುಂದೆ ಬೆರಳು ಮಡಿಚುತ್ತ ಹೋದರು. ಆರು, ಏಳು, ಎಂಟು. ಸಿತಾರ್ ಮತ್ತೆ ನುಡಿಯಿತು.

ಅದು ಬುಡನ್ ಸಾಬರ ಕೈಯಲ್ಲ. ಅವಸರವೇ ಇಲ್ಲದ ಕೈ. ಒಂದು ಮೀಟು, ತಂತಿ ಎಳೆದು ಒಂದು, ಎರಡು, ಮೂರು, ನಾಲ್ಕು, ಐದು ಸ್ವರ. ಎಲ್ಲೂ ನಡುಗದೆ, ಎಲ್ಲೂ ತುಂಡಾಗದೆ. ಸಾಬರು ತಮಗೇ ಬರುವುದಿಲ್ಲ ಎನ್ನುತ್ತಿದ್ದ ಎಳೆತ. ಅದು ಖಾಲಮ್ಮನ ಕೈ.

"ಒಬ್ರು ಗೂಡು ನೋಡ್ಕೊಬೇಕು, ಒಬ್ರು ಬಾರಿಸ್ಬೇಕು," ಎಂದರು ಸೊಲಾಂಜ್. "ದಿನಾ ಹಂಗೇ. ಗೂಡು ಜಾಸ್ತಿ ಬೆಂದ್ರೆ ನೂಲು ಹಾಳು. ಅದೇ ನಿಮ್ ಮನೆ ಪದ್ಧತಿ ಅಂತ ನಾನು ಬಂದು ಇವ್ರಿಗೆಲ್ಲ ಕಲ್ಸಿದೆ. ಟವೆಲು ಸಮೇತ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೂಡೇ ಇಲ್ಲದ ಊರಿನಲ್ಲಿ ಟ್ರಾಮ್ ಓಡಿಸುವ ಹೆಂಗಸು ಒಣಗಿದ ಕೈಯನ್ನೇ ಭಕ್ತಿಯಿಂದ ಒರೆಸಿಕೊಳ್ಳುತ್ತಾಳೆ. ಗೂಡಿನ ನಡುವೆಯೇ ಇದ್ದ ನಾವು ಬರಿಯ ಖಾಲಿ ಜಾಗವನ್ನು ಉಳಿಸಿಕೊಂಡು, ಅದನ್ನೇ ಘನವಾದ ಸಂಗೀತವೆಂದು ಕಣ್ಣು ಮುಚ್ಚಿ ಕೂರುತ್ತೇವೆ.

"ಆಮೇಲೆ?" ಎಂದೆ.

"ನಾನು ಹೊರಡೋ ಹೊತ್ಗೆ ರೇಡಿಯೋದವ್ರು ಬುಡನ್‌ನ ಕರೆದ್ರು. ಊರೂರು ಹೋಗ್ಬೇಕಲ್ಲ. ಚರಕದ ಹತ್ರ ಒಬ್ರು ಇರ್ಲೇಬೇಕು, ಜುಲೇಖಾ ಸಿತಾರ್ ಬಿಟ್ಟು ಕೂತ್ಲು." ಅವರು ಭುಜ ಹಾರಿಸಿದರು. "ಅವ್ಳು ಮತ್ತೆ ಶುರು ಮಾಡಿರ್ತಾಳೆ ಅಂದ್ಕೊಂಡಿದ್ದೆ."

ಉಳಿದ ಎರಡು ದಿನ ನದಿ ತೋರಿಸಿದರು, ಚರ್ಚು ತೋರಿಸಿದರು, ಒಂದೂ ನನ್ನ ಕಣ್ಣಿಗೆ ಇಳಿಯಲಿಲ್ಲ. ಸಾಬರ ಮೇಲೆ ಕೆಟ್ಟ ಸಿಟ್ಟು ಬಂತು. ಎಲ್ಲಿಯವಳೋ ಆದ ನನ್ನ ಹೆಸರನ್ನು ಸಾಲಿಗೆ ಸೇರಿಸಿದ ಮನುಷ್ಯ ಮನೆಯೊಳಗಿದ್ದ ಅಕ್ಕನ ಹೆಸರನ್ನು ಬಿಟ್ಟುಬಿಟ್ಟರಲ್ಲ! ಹೆಸರು ಬಿಟ್ಟುಹೋಗುವುದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಮೇಲೆ ಆ ಸಿಟ್ಟು ನನ್ನ ಕಡೆಗೇ ತಿರುಗಿತು. ಹದಿನೆಂಟು ವರ್ಷ ಆ ಹೆಂಗಸಿನ ಕೈಯಿಂದ ಗಂಟು ಹಾಕಿಸಿಕೊಂಡೆ, ಚಹಾ ಕುಡಿದೆ. ನಿಮಗೆ ಬರುತ್ತದೆಯೇ ಎಂದು ಒಂದು ದಿನ ಕೇಳಲಿಲ್ಲ. ಹೊರಡುವ ದಿನ ಕ್ಲೇರಳ ಕೈ ಹಿಡಿದು ತಪ್ಪಾಯಿತೆಂದು ಹೇಳಿ, ಖಾಲಮ್ಮ ಕೊಟ್ಟ ದಾರದ ಲಡಿಯನ್ನು ಅವಳಿಗೇ ಕೊಟ್ಟೆ.

ಶಿಡ್ಲಘಟ್ಟ

ವಿಮಾನ ಇಳಿದವಳು ಮನೆಗೆ ಹೋಗಲಿಲ್ಲ. ಸಿತಾರಿನ ಪೆಟ್ಟಿಗೆ ಸಮೇತ ದೇವನಹಳ್ಳಿ ಪಕ್ಕದ ವಿಜಯಪುರದ ಮೇಲೆ ಹೋಗುವ ಬಸ್ಸು ಹತ್ತಿದೆ. ಊರಿನ ವಾಸನೆ ಬಂತು. ಖಾಲಮ್ಮ ಜಗುಲಿಯ ಬಿಸಿಲಿನಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದರು.

"ಬಂದ್ಯಾ ಟೀಚರಮ್ಮ? ಬಾರಿಸ್ತಾಳಾ ಅವ್ಳು?"

ನಾನು ಮೊಬೈಲಿಗೆ ತುಂಬಿಸಿಕೊಂಡು ಬಂದಿದ್ದ ಟೇಪನ್ನು ಅವರ ಕಿವಿಯ ಹತ್ತಿರ ಹಿಡಿದೆ. ತಮ್ಮನ ಸಿತಾರ್ ಕೇಳಿದ್ದೇ ಬೀಜ ಬಿಡಿಸುವ ಕೈ ನಿಂತಿತು. ತಮ್ಮದೇ ದನಿ ಬಂದಾಗ ನಕ್ಕರು. "ಅವಾಗ್ಲೂ ಹಿಂಗೇ ಕಿರಿಚ್ಕೊಂತಿದ್ದೆ ನೋಡು." ಎಂಟು ಉಸಿರಾದ ಮೇಲೆ ನಗು ನಿಂತಿತು. ಪೂರ್ತಿ ಕೇಳಿದರು. ಎಳೆತದ ಕಡೆ ಹುಬ್ಬು ಗಂಟಿಕ್ಕಿ, "ಇಲ್ಲಿ ಒಂಚೂರು ಜಾಸ್ತಿ ಎಳ್ದಿದೀನಿ," ಎಂದರು.

"ಯಾಕ್ ಬಿಟ್ರಿ ಖಾಲಮ್ಮ?"

ಅವರು ಎರಡೂ ಕೈ ಚಾಚಿದರು. ಕುದಿಯುವ ನೀರಿನಲ್ಲಿ ವರ್ಷಾನುಗಟ್ಟಲೆ ಎಳೆ ಹುಡುಕಿದ ಬೆರಳುಗಳು. ತುದಿಗಳಲ್ಲಿ ಚರ್ಮ ನುಣ್ಣಗಾಗಿ, ಗೆರೆಯೇ ಅಳಿಸಿಹೋಗಿತ್ತು. ಇದೇ ಕೈ ನನ್ನ ಮೆಟ್ಟಲು ಕಟ್ಟುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

"ಬೆಂದ ಕೈ ಕಣಮ್ಮ. ಗಂಟು ಹಾಕಕ್ಕೆ ರೂಢಿ ಸಾಕು. ತಂತಿ ಎಳ್ಯಕ್ಕೆ ಬೆರಳಿಗೆ ಗೊತ್ತಾಗ್ಬೇಕು, ಗೊತ್ತಾಗಲ್ಲ. ಇಬ್ರ ಕೈನೂ ಬೇಯ್ಸೋದ್ ಯಾಕೆ, ಅವ್ನದಾದ್ರೂ ಉಳೀಲಿ ಅಂದೆ."

"ಹಾಗಾದ್ರೆ ಸಾಬರು ಎಂಟು ಉಸಿರು ನಿಲ್ಲಿಸ್ತಿದ್ದಿದ್ದು?"

"ನನ್ನ ಕಾಯ್ತಿದ್ದ," ಎಂದರು ಖಾಲಮ್ಮ. "ಬರಲ್ಲ ಕಣೋ, ಮುಂದಕ್ ಹೋಗು ಅಂತ ಎಷ್ಟು ಬೈದೆ. ಕೇಳ್ಳಿಲ್ಲ. ಸಾಯೋವರ್ಗೂ ಕಾದ."

ನನಗೆ ದುಃಖ ಒತ್ತರಿಸಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಕಾದ್ರೆ ಸಾಕಾ ಖಾಲಮ್ಮ? ಒಂದ್ ಸಲ ಹೆಸರು ಹೇಳ್ಬಾರ್ದಿತ್ತಾ?"

"ಅವ್ನೂ ಹೇಳ್ಳಿಲ್ಲ. ನಾನೂ ಕೇಳ್ಳಿಲ್ಲ," ಎಂದು ಒಂದು ಹುಣಸೆಬೀಜವನ್ನು ಬೀದಿಗೆ ಎಸೆದರು.

ನಾನು ಅಲ್ಲೇ ಜಗುಲಿಯ ಮೇಲೆ ಸಿತಾರ್ ತೆಗೆದು ಶ್ರುತಿ ಮಾಡಿದೆ. ಕಿವಿ ಹಿಡಿದುಕೊಂಡೆ. "ಕರೀಮುಲ್ಲಾ ಸಾಬರು, ಇಮಾಮ್ ಸಾಬರು, ಬುಡನ್ ಸಾಬರು, ಜುಲೇಖಾ ಬೀ..."

"ತಡಿ," ಎಂದರು ಖಾಲಮ್ಮ.

ಸಂಕೋಚಪಟ್ಟು ಬೇಡವೆನ್ನುತ್ತಾರೆ, ನಾನು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ.

"ಲೆಕ್ಕ ಹೇಳ್ಕೊಡೋಳು ನೀನು, ಸಾಲೇ ತಪ್ಪು ಹೇಳ್ತೀಯಲ್ಲ," ಎಂದರು. "ಅಬ್ಬಾ ಕಲ್ಸಿದ್ದು ನಂಗೆ. ಬುಡನ್ ಕೈಗೆ ಮಿಜ್ರಾಬ್ ಹಾಕೋ ಹೊತ್ಗೆ ಅಬ್ಬಾ ಮಣ್ಣಾಗಿದ್ರು. ಅವ್ನಿಗೆ ಕಲ್ಸಿದ್ದು ನಾನು. ಹೇಳೋದಾದ್ರೆ ಸರ್ಯಾಗಿ ಹೇಳು, ಮೊದಲಿಂದ."

ತಪ್ಪು ಲೆಕ್ಕ ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಮತ್ತೆ ಕಿವಿ ಹಿಡಿದುಕೊಂಡು ಮೊದಲಿನಿಂದ ಹೇಳಿದೆ. ಕರೀಮುಲ್ಲಾ ಸಾಬರು. ಇಮಾಮ್ ಸಾಬರು. ಜುಲೇಖಾ ಬೀ. ಆಮೇಲೆ ಬುಡನ್ ಸಾಬರು.

ಖಾಲಮ್ಮ ಹುಣಸೆಯ ಮೊರ ಪಕ್ಕಕ್ಕೆ ಸರಿಸಿ, ಸೆರಗಿನಿಂದ ಎರಡೂ ಕೈ ಒರೆಸಿಕೊಂಡು, ನನ್ನ ಎದುರಿಗೆ ಬಂದು ಕುಳಿತರು.

"ಈಗ ಬಾರ್ಸು," ಎಂದರು. "ಎಂಟು ಉಸಿರೆಲ್ಲ ಬ್ಯಾಡ. ನಾನು ಇಲ್ಲೇ ಕೂತಿದೀನಿ."